ಸರಾಸರಿ ಲೆಕ್ಕ ಸಾಕಾಯಿತು, ಗಾಳಿ ನಿಂತ ಐದು ದಿನಗಳ ಲೆಕ್ಕ ಕೊಡಿ: ಪರಿಸರ ಅಹವಾಲು ಸಭೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕರ್ನಾಟಕದಲ್ಲಿ ದೊಡ್ಡ ಕಾರ್ಖಾನೆ ಬರುವ ಮೊದಲು ಜನರ ಅಹವಾಲು ಕೇಳುವ ಸಭೆ ನಡೆಯುತ್ತದೆ. ಆ ಸಭೆಯನ್ನು ಏರ್ಪಡಿಸುವ ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೆ, ಅದರ ಅಧ್ಯಕ್ಷತೆ ವಹಿಸುವ ಜಿಲ್ಲಾಧಿಕಾರಿಗಳಿಗೆ, ಶಾಮಿಯಾನದ ಕೆಳಗೆ ಮೈಕ್ ತಮ್ಮ ಕಡೆ ಯಾವಾಗ ಬರುತ್ತದೋ ಅಂತ ಕಾಯುವ ಊರ ಜನರಿಗೆ, ಎಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಬಳ್ಳಾರಿ ಕಡೆಯವನು. ಕೆಲಸದ ಮೇಲೆ ಬಂದು ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ ನೆಲೆಸಿದ್ದೇನೆ. ಕನ್ನಡಿಗರಿಗೆ ಈ ಊರು ಗೊತ್ತಿರುವುದು ಜಾಸ್ತಿ ಇಲ್ಲಿನ ವೆಂಕಟೇಶ್ವರ ದೇವಸ್ಥಾನದಿಂದ. ದೂರದ ರಾಜ್ಯಗಳಿಂದಲೂ ನಮ್ಮವರು ಬರುತ್ತಾರೆ, ದರ್ಶನ ಮಾಡುತ್ತಾರೆ, ಪುಳಿಯೋಗರೆ ತಿಂದು ಹಾಗೇ ವಾಪಸ್ ಹೋಗುತ್ತಾರೆ. ಇದೇ ಸೀಮೆಯಲ್ಲಿ, ನಗರದ ದಕ್ಷಿಣಕ್ಕೆ, ಮೊನೊಂಗಹೀಲಾ ನದಿಯ ದಂಡೆಯಲ್ಲಿ ಡೊನೋರಾ ಅಂತ ಒಂದು ಪುಟ್ಟ ಊರಿದೆ. ಪೆನ್ಸಿಲ್ವೇನಿಯಾದಲ್ಲಿ ಇಂಥ ಊರುಗಳನ್ನು 'ಬರೋ' ಅನ್ನುತ್ತಾರೆ, ನಮ್ಮ ಪಟ್ಟಣ ಪಂಚಾಯಿತಿಯಷ್ಟು ಅಂದುಕೊಳ್ಳಿ. 1948ರಲ್ಲಿ ಹತ್ತಿರ ಹತ್ತಿರ ಐದು ದಿನ ಕಾರ್ಖಾನೆ ಹೊಗೆ ಕವಿದು ಜನ ಸತ್ತ ಊರದು. ಅದರ ಚರಿತ್ರೆ ಹೇಳಿ, ಆಮೇಲೆ ಗಾಳಿಯನ್ನು ಅಳೆಯುವ ಬಗ್ಗೆ ನಿಮ್ಮ ಮುಂದೆ ಒಂದು ಬೇಡಿಕೆ ಇಡುತ್ತೇನೆ.

ಡೊನೋರಾ ಹಳೆಯ ಊರೇನಲ್ಲ. 1901ರಲ್ಲಿ ಬರೋ ಆಯಿತು. ಕಾರ್ಖಾನೆ ಹಾಕಲೆಂದೇ ಜಾಗ ಖರೀದಿಸಿ ಕಟ್ಟಿದ ಊರದು. ಹೆಸರು ಕೂಡ ಹಾಗೆಯೇ ಬಂದದ್ದು. ಉದ್ಯಮಿ ವಿಲಿಯಂ ಡೊನರ್ ಹೆಸರಿನ ಅರ್ಧ, ಬ್ಯಾಂಕರ್ ಆಂಡ್ರ್ಯೂ ಮೆಲನ್ ಅವರ ಹೆಂಡತಿ ನೋರಾ ಹೆಸರು, ಎರಡನ್ನೂ ಸೇರಿಸಿ ಡೊನೋರಾ ಮಾಡಿದರು. ದುಡ್ಡು ಹಾಕಿದವರ ಹೆಸರನ್ನು ಊರೇ ಹೊತ್ತುಕೊಂಡಿತು. ಮೊದಲು ಉಕ್ಕು ಮತ್ತು ತಂತಿ ಕಾರ್ಖಾನೆ ಬಂತು. 1915ರಲ್ಲಿ ಸತು ಕರಗಿಸುವ ಕಾರ್ಖಾನೆ ಬಂತು. ಎರಡನ್ನೂ ನಡೆಸುತ್ತಿದ್ದದ್ದು ಅಮೆರಿಕನ್ ಸ್ಟೀಲ್ ಅಂಡ್ ವೈರ್ ಕಂಪನಿ, ಅಂದರೆ ದೈತ್ಯ ಯು.ಎಸ್. ಸ್ಟೀಲ್‌ನ ಅಂಗ ಸಂಸ್ಥೆ. ನದಿ ದಂಡೆಯುದ್ದಕ್ಕೂ ಚಿಮಣಿಗಳು ಸಾಲುಗಟ್ಟಿ ನಿಂತವು.

ಕೆಲಸಕ್ಕೆ ಎಲ್ಲೆಲ್ಲಿಂದಲೋ ಜನ ಬಂದರು. ಸ್ಲೊವಾಕರು, ಪೋಲೆಂಡಿನವರು, ಇಟಲಿಯವರು, ದಕ್ಷಿಣದ ರಾಜ್ಯಗಳಿಂದ ಕಪ್ಪು ಜನರು. ಸತು ಕುಲುಮೆಯ ಕೆಲಸಕ್ಕೆ ಸ್ಪೇನ್‌ನ ಅಸ್ತೂರಿಯಾಸ್ ಸೀಮೆಯಿಂದ ಕೂಡ ಬಂದರು, ಆ ಕಸುಬು ಅವರಿಗೆ ಅಲ್ಲೇ ಗೊತ್ತಿತ್ತು. ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ, ಮೈ ನಡುಗುತ್ತದೆ. ಕುಲುಮೆಯವರಿಗೆ ಅದೂ ಕೆಲಸದ ಒಂದು ಭಾಗ ಅಷ್ಟೇ. ಕಂಪನಿ ತನ್ನ ನೌಕರರಿಗೆ ಗುಡ್ಡದ ಮೇಲೆ ಕಾಂಕ್ರೀಟ್ ಸುರಿದು 80 ಮನೆ ಕಟ್ಟಿಸಿತು. 1916-17ರ ಕಾಲಕ್ಕೆ ಅದೊಂದು ಸೋಜಿಗ. 'ಸಿಮೆಂಟ್ ಸಿಟಿ' ಅಂತ ಹೆಸರಾದ ಆ ಬಡಾವಣೆ ಇವತ್ತಿಗೂ ಗಟ್ಟಿಯಾಗಿದೆ, ಜನ ವಾಸವಾಗಿದ್ದಾರೆ. ನೋಡಿದರೆ ನೂರು ವರ್ಷ ದಾಟಿದ ಮನೆಗಳು ಅಂತ ಅನ್ನಿಸುವುದಿಲ್ಲ.

ಕಾರ್ಖಾನೆಯಿಂದ ಊರು ಬದುಕಿತು ಅನ್ನುವುದನ್ನು ಯಾರೂ ಅಲ್ಲಗಳೆಯಲಾರರು. ಅಂಗಡಿ, ಚರ್ಚು, ಶಾಲೆ, ಬೇಸ್‌ಬಾಲ್ ತಂಡ, ಎಲ್ಲ ಆ ಸಂಬಳದಲ್ಲೇ ಬೆಳೆದವು. ಅಮೆರಿಕದ ಬೇಸ್‌ಬಾಲ್‌ನ ಮಹಾನ್ ಆಟಗಾರ ಸ್ಟ್ಯಾನ್ ಮ್ಯೂಸಿಯಲ್ 1920ರ ನವೆಂಬರ್ 21ರಂದು ಹುಟ್ಟಿದ್ದು ಇಲ್ಲೇ. ಇನ್ನೊಬ್ಬ ದಿಗ್ಗಜ ಕೆನ್ ಗ್ರಿಫಿ ಜೂನಿಯರ್ ಹುಟ್ಟಿದ್ದೂ ಇಲ್ಲೇ, ಅದೂ 1969ರ ನವೆಂಬರ್ 21ರಂದು. ಒಂದೇ ಊರು, ಒಂದೇ ತಾರೀಕು! ಊರಿನವರು ಈ ವಿಷಯ ಶುರು ಮಾಡಿದರೆ ಬೇಗ ನಿಲ್ಲಿಸುವುದಿಲ್ಲ. ನನಗೆ ಬೇಸ್‌ಬಾಲ್ ತಲೆಬುಡ ಗೊತ್ತಿಲ್ಲ, ಆದರೂ ಕೇಳಲು ಚೆನ್ನಾಗಿರುತ್ತದೆ.

ಈಗ ನದಿಯ ಆಚೆ ದಡಕ್ಕೆ ಬನ್ನಿ. ಅಲ್ಲಿರುವುದು ವೆಬ್‌ಸ್ಟರ್ ಅನ್ನುವ ಹಳ್ಳಿ. ಅದು ಬೇರೆ ಕೌಂಟಿ, ಅಂದರೆ ಬೇರೆ ಆಡಳಿತ. ಕಾರ್ಖಾನೆಯ ತೆರಿಗೆ ಡೊನೋರಾಕ್ಕೆ, ಹೊಗೆ ವೆಬ್‌ಸ್ಟರ್‌ಗೆ. ಹಣ್ಣಿನ ತೋಟ ಒಣಗಿದವು, ಬೆಳೆ ಸುಟ್ಟಿತು, ದನಗಳು ಸತ್ತವು, ಹುಲ್ಲು ಹೋದ ಮೇಲೆ ಗುಡ್ಡದ ಮಣ್ಣೂ ಕೊಚ್ಚಿಹೋಯಿತು. 1918ರಷ್ಟು ಹಿಂದೆಯೇ ಕಂಪನಿ ಇಂಥ ದಾವೆಗಳಿಗೆ ಪರಿಹಾರ ಕೊಟ್ಟಿದೆ. 1920ರ, 30ರ ದಶಕಗಳಲ್ಲೂ ವೆಬ್‌ಸ್ಟರ್‌ನವರು ಕೋರ್ಟಿಗೆ ಅಲೆದರು. ವರ್ಷಗಟ್ಟಲೆ ಎಳೆದಾಟ. 1926ರಲ್ಲಿ ಗಾಳಿಯನ್ನು ಅಳೆಯುವ ಕೆಲಸ ಶುರುವಾಯಿತು. 1935ರಲ್ಲಿ ನಿಂತುಹೋಯಿತು. ಕಾರ್ಖಾನೆ ಮಾತ್ರ ನಡೆಯುತ್ತಲೇ ಇತ್ತು. ಈ ಸಾಲನ್ನು ನಿಮ್ಮ ಮಂಡಳಿಯವರು ಇನ್ನೊಮ್ಮೆ ಓದಬೇಕು ಅಂತ ಕೋರಿಕೆ.

ಮುಂದೆ ಏನಾಗಬಹುದು ಅನ್ನುವುದಕ್ಕೆ ಜಗತ್ತಿನಲ್ಲಿ ಆಗಲೇ ಉದಾಹರಣೆ ಇತ್ತು. 1930ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಮ್ಯೂಸ್ ನದಿ ಕಣಿವೆಯಲ್ಲಿ ಕಾರ್ಖಾನೆ ಹೊಗೆಯೂ ಮಂಜೂ ಸೇರಿ ಕೆಲವೇ ದಿನಗಳಲ್ಲಿ ಸುಮಾರು 60 ಜನ ಸತ್ತಿದ್ದರು. ಅಲ್ಲೂ ನದಿ, ಅಲ್ಲೂ ಗುಡ್ಡ, ಅಲ್ಲೂ ಸತುವಿನ ಕಾರ್ಖಾನೆ. 18 ವರ್ಷ ಮೊದಲೇ ಬಂದ ಎಚ್ಚರಿಕೆ ಅದು.

1948ರ ಅಕ್ಟೋಬರ್ 26, ಮಂಗಳವಾರ. ಡೊನೋರಾದಲ್ಲಿ ಮಂಜು ಇಳಿಯಿತು. ಅಲ್ಲಿ ನದಿ ದೊಡ್ಡದಾಗಿ ಬಾಗಿ ತಿರುಗುತ್ತದೆ, ಸುತ್ತ ನೂರು ಮೀಟರಿಗೂ ಎತ್ತರದ ಗುಡ್ಡಗಳು. ಶರತ್ಕಾಲದ ಮಂಜು ಹೊಸದೇನಲ್ಲ, ಬೆಳಗ್ಗೆ ಬಂದು ಬಿಸಿಲೇರಿದಾಗ ಹೋಗುತ್ತದೆ. ಈ ಸಲ ಹೋಗಲಿಲ್ಲ. ಸಾಮಾನ್ಯವಾಗಿ ನೆಲದ ಹತ್ತಿರದ ಗಾಳಿ ಬೆಚ್ಚಗಿದ್ದು ಮೇಲೇರುತ್ತದೆ, ಹೊಗೆಯನ್ನೂ ಜೊತೆಗೆ ಒಯ್ಯುತ್ತದೆ. ಕೆಲವು ದಿನ ಇದು ತಲೆಕೆಳಗಾಗುತ್ತದೆ. ಕೆಳಗೆ ತಣ್ಣನೆಯ ಗಾಳಿ, ಮೇಲೆ ಬಿಸಿ ಗಾಳಿ. ಬಿಸಿ ಪದರ ಪಾತ್ರೆಯ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಆಗ ಚಿಮಣಿಯಿಂದ ಬಂದ ಸಲ್ಫರ್ ಡೈಆಕ್ಸೈಡ್, ಫ್ಲೋರೈಡ್, ಲೋಹದ ದೂಳು, ಕಲ್ಲಿದ್ದಲ ಮಸಿ, ಎಲ್ಲ ಕಣಿವೆಯಲ್ಲೇ ಉಳಿಯುತ್ತವೆ. ಒಂದು ದಿನದ ಹೊಗೆ ಮೇಲೆ ಇನ್ನೊಂದು ದಿನದ ಹೊಗೆ ಸೇರುತ್ತ ಹೋಗುತ್ತದೆ.

ಶುಕ್ರವಾರ ಸಂಜೆ ಹ್ಯಾಲೋವೀನ್ ಮೆರವಣಿಗೆ ನಡೆಯಿತು. ರಸ್ತೆ ಬದಿ ನಿಂತವರಿಗೆ ಮೆರವಣಿಗೆ ಸರಿಯಾಗಿ ಕಾಣಲೇ ಇಲ್ಲ. ಶನಿವಾರ ಪಕ್ಕದ ಊರಿನ ಜೊತೆ ಹೈಸ್ಕೂಲ್ ಫುಟ್‌ಬಾಲ್ ಪಂದ್ಯವೂ ನಡೆಯಿತು. ಮೇಲೆ ಒದ್ದ ಚೆಂಡು ಕಾಣುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಊರಿನಲ್ಲಿ ಸಾವು ಶುರುವಾಗಿತ್ತು. ಮೊದಲ ಸಾವು ಶನಿವಾರ ನಸುಕಿಗೂ ಮೊದಲೇ ಆಗಿತ್ತು. ಆದರೆ ಯಾರಿಗೆ ಗೊತ್ತು? ಒಂದು ಮನೆಯಲ್ಲಿ ಅಜ್ಜನಿಗೆ ಉಬ್ಬಸ ಜಾಸ್ತಿಯಾಯಿತು, ಇನ್ನೊಂದು ಮನೆಯಲ್ಲಿ ಅಜ್ಜಿಗೆ ಎದೆ ಬಿಗಿಯಿತು. ವಯಸ್ಸಾಗಿತ್ತು, ಮೊದಲೇ ಕಾಯಿಲೆ ಇತ್ತು. ಪ್ರತಿ ಮನೆಗೂ ಅದು ತನ್ನ ಮನೆಯ ಸಂಕಟ ಮಾತ್ರ. ಎಲ್ಲವನ್ನೂ ಸೇರಿಸಿ ನೋಡಿದವರು ಊರ ಡಾಕ್ಟರುಗಳು ಮತ್ತು ಹೆಣ ಸಾಗಿಸುವವರು.

ಅಗ್ನಿಶಾಮಕ ದಳದವರು ಆಕ್ಸಿಜನ್ ಸಿಲಿಂಡರ್ ಹೊತ್ತು ಗೋಡೆ, ಬೇಲಿ ತಡವಿಕೊಂಡು ಮನೆಯಿಂದ ಮನೆಗೆ ಹೋದರು. ಇದ್ದದ್ದೇ ಸ್ವಲ್ಪ. ಒಬ್ಬರಿಗೆ ನಾಲ್ಕು ಉಸಿರು ಕೊಟ್ಟು, ಕಿತ್ತುಕೊಂಡು, ಮುಂದಿನ ಮನೆಗೆ ಓಡಬೇಕು. ಊರ ಆರೋಗ್ಯ ಮಂಡಳಿಯಲ್ಲಿದ್ದ ಡಾಕ್ಟರ್ ವಿಲಿಯಂ ರೊಂಗಾಸ್, ಉಬ್ಬಸ ಮತ್ತು ಹೃದಯದ ತೊಂದರೆ ಇರುವವರು ಊರು ಬಿಟ್ಟು ಹೋಗಿ ಅಂತ ಹೇಳುತ್ತಿದ್ದರು. ಆದರೆ ದಾರಿಯೇ ಕಾಣದ ಮೇಲೆ ಗಾಡಿ ಓಡುವುದು ಹೇಗೆ?

ಸತು ಕುಲುಮೆಗಳು ಆಗಲೂ ಉರಿಯುತ್ತಿದ್ದವು. ಒಮ್ಮೆ ಆರಿದರೆ ಅವು ಹಾಳಾಗುತ್ತವೆ, ಮತ್ತೆ ಹೊತ್ತಿಸಲು ಖರ್ಚು ಬಹಳ. ಭಾನುವಾರ, ಅಕ್ಟೋಬರ್ 31ರ ಬೆಳಗ್ಗೆ ಸುಮಾರು 6 ಗಂಟೆಗೆ ಕುಲುಮೆಗಳನ್ನು ತಣಿಸಲು ಶುರು ಮಾಡಿದರು. ಅದೇ ದಿನ ಮಳೆಯೂ ಬಂತು. ಹೊಗೆಮಂಜು ಕರಗಿತು. ಊರಿನ ಮುಖ್ಯಸ್ಥರಾಗಿದ್ದ ಆಗಸ್ಟ್ ಚಾಂಬೊನ್ ಕೆಲಸ ನಿಲ್ಲಿಸಿ ಅಂತ ಸಭೆಯಲ್ಲಿ ಕಾರ್ಖಾನೆಯವರನ್ನು ಕೇಳಿಕೊಂಡದ್ದೂ ಆ ಭಾನುವಾರವೇ. ಕೇಳಿಕೊಂಡದ್ದು, ಗಮನಿಸಿ. ಆದೇಶ ಕೊಡುವ ಅಧಿಕಾರ ಊರಿನವರಿಗೆ ಇರಲಿಲ್ಲ. ತಣಿಸುವ ತೀರ್ಮಾನ ಕಂಪನಿಯದ್ದೇ.

ಡೊನೋರಾ, ವೆಬ್‌ಸ್ಟರ್ ಎರಡೂ ಸೇರಿ 20 ಜನ ಸತ್ತರು. ಸುಮಾರು 14,000 ಜನರಿದ್ದ ಜಾಗದಲ್ಲಿ 6,000ದಷ್ಟು ಜನ ಕಾಯಿಲೆ ಬಿದ್ದರು. ಹತ್ತು ವರ್ಷದ ನಂತರದ ಒಂದು ಅಧ್ಯಯನ ಇನ್ನೂ ಒಂದು ವಿಷಯ ಹೇಳಿತು. 1948ರಲ್ಲಿ ಕಾಯಿಲೆ ಬಿದ್ದು ಎದ್ದವರು ಉಳಿದವರಿಗಿಂತ ಮುಂದೆಯೂ ಹೆಚ್ಚು ನರಳಿದರು, ಹೆಚ್ಚು ಸತ್ತರು. ಆ 20ರ ಲೆಕ್ಕದಲ್ಲಿ ಅವರ್‍ಯಾರೂ ಇಲ್ಲ.

ಕಂಪನಿ ಇದು ದೇವರ ಕೆಲಸ, ಹವಾಮಾನದ ಆಟ ಅಂದಿತು. ಸರ್ಕಾರದ ಸಾರ್ವಜನಿಕ ಆರೋಗ್ಯ ಇಲಾಖೆಯವರು ಗಾಳಿ ತಿಳಿಯಾದ ಮೇಲೆ ಬಂದು ಅಳೆದರು. 1949ರ ಅವರ ವರದಿ, ಇಂಥದೇ ಒಂದು ವಿಷ ಅಂತ ಬೊಟ್ಟು ಮಾಡಲಾಗದು, ಹಲವು ಸೇರಿ ಆಗಿರಬೇಕು ಅಂತ ಹೇಳಿ ಮುಗಿಸಿತು. ವಿಜ್ಞಾನದ ಮಾತಾಗಿ ಅದು ತಪ್ಪಲ್ಲದಿರಬಹುದು. ಕೋರ್ಟಿನಲ್ಲಿ ನಿಂತವರಿಗೆ ಮಾತ್ರ ಅದರಿಂದ ಕೈ ಕಟ್ಟಿತು. 1951ರಲ್ಲಿ 2,35,000 ಡಾಲರ್‌ಗೆ ರಾಜಿಯಾಯಿತು. ಎಲ್ಲರಿಗೂ ಸೇರಿಸಿ, ವಕೀಲರ ಫೀ ಕಳೆಯುವ ಮೊದಲು. ತಪ್ಪು ನಮ್ಮದು ಅಂತ ಕಂಪನಿ ಒಪ್ಪಿಕೊಳ್ಳಲಿಲ್ಲ.

ಡೊನೋರಾದ ಜನ ರೊಚ್ಚಿಗೆದ್ದರಾ? ಅಷ್ಟಾಗಿ ಇಲ್ಲ. ದನಿ ಎತ್ತಿದ್ದು ಜಾಸ್ತಿ ಆಚೆ ದಡದ ವೆಬ್‌ಸ್ಟರ್. ಅಲ್ಲಿನವರು ಶುದ್ಧ ಗಾಳಿಗಾಗಿ ಒಂದು ಸಂಘವನ್ನೇ ಕಟ್ಟಿದರು. ಡೊನೋರಾದಲ್ಲಿ ಮನೆಗೊಬ್ಬರು ಕಾರ್ಖಾನೆಯಲ್ಲಿದ್ದರು, ಯಾರು ಬಾಯಿ ಬಿಡುತ್ತಾರೆ? ಇದನ್ನು ಹೇಡಿತನ ಅಂತ ನಾನು ಕರೆಯಲಾರೆ. ನಮ್ಮ ಕಡೆ ಗಣಿ, ಉಕ್ಕು, ಸ್ಪಾಂಜ್ ಐರನ್ ನಂಬಿ ಬದುಕುವ ಮನೆಗಳನ್ನು ಕಂಡವನು ನಾನು. ಅಹವಾಲು ಸಭೆಯಲ್ಲಿ ಕೆಲಸ ಬೇಕು ಅನ್ನುವ ಹುಡುಗ, ಹೊಲಕ್ಕೆ ದೂಳು ಬೀಳುತ್ತದೆ ಅನ್ನುವ ಅಪ್ಪ, ಇಬ್ಬರೂ ಒಂದೇ ಮನೆಯವರಾಗಿರುತ್ತಾರೆ. ಇಬ್ಬರದೂ ಸರಿ. ಅದಕ್ಕೇ ಸಭೆಯಲ್ಲಿ ಎದ್ದು ವಿರೋಧಿಸಿದವರು ಎಷ್ಟು ಜನ ಅಂತ ತಲೆ ಎಣಿಸಿ ಗಾಳಿಯ ವಿಷಯ ತೀರ್ಮಾನ ಮಾಡಬಾರದು. ಅದಕ್ಕೆ ಅಳತೆಯೇ ಬೇಕು.

ಆ ಅಳತೆಯ ವಿಷಯಕ್ಕೇ ಬಂದೆ.

ಕಂಪನಿಗಳು ನಿಮಗೆ ಕೊಡುವ ಪರಿಸರ ವರದಿಯಲ್ಲಿ ಗಾಳಿಯ ಈಗಿನ ಸ್ಥಿತಿ ಅಂತ ಒಂದು ಅಧ್ಯಾಯ ಇರುತ್ತದೆ. ಸಾಮಾನ್ಯವಾಗಿ ಅದು ಒಂದು ಋತುವಿನ, ಮಳೆಗಾಲ ಬಿಟ್ಟು ಮೂರು ತಿಂಗಳ ಅಳತೆ. ಮಾರ್ಚ್‌ನಿಂದ ಮೇ ತನಕ ಅಳೆದರೂ ನಡೆಯುತ್ತದೆ. ಬೇಸಿಗೆಯಲ್ಲಿ ನಮ್ಮ ಬಯಲುಸೀಮೆಯ ನೆಲ ಕಾಯ್ದು, ಗಾಳಿ ಮೇಲೆದ್ದು, ಹೊಗೆಯೆಲ್ಲ ಚೆದುರಿಹೋಗುತ್ತದೆ. ಮಾಗಿ ಚಳಿಯಲ್ಲಿ ಹಾಗಲ್ಲ. ಡಿಸೆಂಬರ್ ಬೆಳಗ್ಗೆ ಇಟ್ಟಿಗೆ ಗೂಡಿನ ಹೊಗೆ ಮೇಲೇರದೆ ಹೊಲದ ಮೇಲೆ ಅಡ್ಡಡ್ಡ ಹಾಸಿಕೊಂಡಿರುವುದನ್ನು ನೀವೂ ನೋಡಿರುತ್ತೀರಿ. ಡೊನೋರಾದ ಮೇಲೆ ಕೂತಿದ್ದದ್ದು ಇದರದೇ ದೊಡ್ಡ ರೂಪ. ಬಳ್ಳಾರಿ, ಕೊಪ್ಪಳದ ಬಯಲು ಪೆನ್ಸಿಲ್ವೇನಿಯಾದ ಕಣಿವೆಯಷ್ಟು ಆಳವಲ್ಲ, ಒಪ್ಪುತ್ತೇನೆ. ಇಲ್ಲಿ ಬಿಸಿಲೂ ಜಾಸ್ತಿ. ಆದರೆ ಗುಡ್ಡಗಳ ನಡುವೆ ಇರುವ ಸಂಡೂರೂ ನಮ್ಮದೇ ಅಲ್ವಾ?

ಇನ್ನು ಮಿತಿಯ ಲೆಕ್ಕ. 2009ರಲ್ಲಿ ಬಂದ ನಮ್ಮ ದೇಶದ ಗಾಳಿ ಗುಣಮಟ್ಟದ ಮಾನದಂಡ ಹೀಗೆ ಹೇಳುತ್ತದೆ: ವರ್ಷದ ಸರಾಸರಿಗೆ ಕನಿಷ್ಠ 104 ಅಳತೆ ಸಾಕು, ವಾರಕ್ಕೆ ಎರಡು ಸಲ. ದಿನದ ಮಿತಿಯನ್ನು ವರ್ಷದ ಶೇ. 98ರಷ್ಟು ಸಮಯ ಪಾಲಿಸಬೇಕು. ಉಳಿದ ಶೇ. 2ರಷ್ಟು ಸಮಯ ಮೀರಬಹುದು, ಆದರೆ ಅಳತೆ ಮಾಡಿದ ಎರಡು ದಿನ ಸತತವಾಗಿ ಮೀರಬಾರದು. ಈಗ ಲೆಕ್ಕ ಹಾಕಿ. ಶೇ. 2 ಅಂದರೆ ವರ್ಷಕ್ಕೆ ಏಳು ದಿನ. ಡೊನೋರಾವನ್ನು ಮುಗಿಸಿದ್ದು ಹತ್ತಿರ ಹತ್ತಿರ ಐದು ದಿನ, ವರ್ಷದ ಶೇ. 1.4. ವಾರಕ್ಕೆ ಎರಡೇ ಸಲ ಅಳೆಯುವ ಯಂತ್ರ ಆ ಐದು ದಿನಗಳಲ್ಲಿ ಒಂದೋ ಎರಡೋ ಸಲ ಓಡುತ್ತದೆ. ಐದು ದಿನ ಗಾಳಿ ಹತ್ತು ಪಟ್ಟು ಕೆಟ್ಟರೂ ವರ್ಷದ ಸರಾಸರಿ ಏರುವುದು ಸುಮಾರು ಶೇ. 12 ಮಾತ್ರ. ವರದಿಯ ಕೋಷ್ಟಕದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. 1948ರ ಡೊನೋರಾದ ವರ್ಷದ ಸರಾಸರಿ ಹಿಡಿದು ನೋಡಿದ್ದರೆ ಆ ಊರು ಸುಮ್ನೆ ಸ್ವಲ್ಪ ಹೊಗೆಯ ಕಾರ್ಖಾನೆ ಊರು, ಅಷ್ಟೇ.

ಹಾಗಾಗಿ ನನ್ನ ಬೇಡಿಕೆ. ಯಾವುದೇ ಉಕ್ಕು, ಸಿಮೆಂಟ್, ವಿದ್ಯುತ್ ಅಥವಾ ಲೋಹದ ಕಾರ್ಖಾನೆಗೆ ಅಹವಾಲು ಸಭೆ ಕರೆಯುವ ಮೊದಲು, ಚಳಿಗಾಲದ ಅಳತೆ ವರದಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಡಿಸೆಂಬರ್, ಜನವರಿಯಲ್ಲಿ ಅಳೆದು ಬನ್ನಿ ಅಂತ ವಾಪಸ್ ಕಳಿಸಿ. ಗಾಳಿಯೇ ಬೀಸದ ಐದು ದಿನ ಸತತವಾಗಿ ಬಂದರೆ, ಈಗಿರುವ ಕಾರ್ಖಾನೆಗಳ ಹೊಗೆಯ ಜೊತೆ ಹೊಸದರ ಹೊಗೆಯೂ ಸೇರಿ, ಹತ್ತಿರದ ಊರಿನ ಶಾಲೆ, ಆಸ್ಪತ್ರೆ ಇರುವ ಜಾಗದಲ್ಲಿ ದಿನದಿನಕ್ಕೆ ಎಷ್ಟಾಗುತ್ತದೆ ಅನ್ನುವ ಅಂಕಿ ಕೇಳಿ. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು ಅನ್ನುವ ನಿಯಮ ಈಗಲೂ ಇದೆ. ಆ ಐದು ದಿನದ ಅಂಕಿ ಆ ಸಾರಾಂಶದಲ್ಲೇ ಇರಲಿ, ಇಂಗ್ಲಿಷ್ ವರದಿಯ ನೂರಾರು ಪುಟಗಳ ನಡುವೆ ಹೂತುಹೋಗದಿರಲಿ. ಗಡಿಯಾಚೆಯ ಹಳ್ಳಿಗಳನ್ನೂ ಸಭೆಗೆ ಕರೆಯಿರಿ. ತಾಲ್ಲೂಕು ಬೇರೆ, ಜಿಲ್ಲೆ ಬೇರೆ ಅಂತ ಹೊಗೆಗೆ ಗೊತ್ತಾಗುವುದಿಲ್ಲ.

ಇನ್ನೊಂದು ಪ್ರಶ್ನೆಗೆ ಬರಹದಲ್ಲಿ ಉತ್ತರ ಬೇಕು. ಅಂಥ ದಿನ ಬಂದಾಗ ಕುಲುಮೆ ನಿಲ್ಲಿಸಿ ಅಂತ ಹೇಳುವವರು ಯಾರು? ಯಾವ ಅಂಕಿ ಮುಟ್ಟಿದಾಗ ಹೇಳುತ್ತಾರೆ? ಹೇಳಿದ ಎಷ್ಟು ಗಂಟೆಯಲ್ಲಿ ನಿಲ್ಲಬೇಕು? ಭಾನುವಾರ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತುವವರು ಯಾರು? ಡೊನೋರಾದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಮಾರಮ್ಮನ ಜಾತ್ರೆಯ ಬಂದೋಬಸ್ತಿಗೇ ನಾವು ಯಾರ ಜವಾಬ್ದಾರಿ ಏನು ಅಂತ ಪಟ್ಟಿ ಮಾಡುತ್ತೇವೆ. ಲಕ್ಷಗಟ್ಟಲೆ ಟನ್ ಉಕ್ಕಿನ ಕಾರ್ಖಾನೆಗೆ ಅದು ಬೇಡವೇ?

ಕಂಪನಿಗಳು ಓಡಿಹೋಗುತ್ತವೆ, ಊರು ಬಡವಾಗುತ್ತದೆ ಅನ್ನುವ ಮಾತು ಬಂದೇ ಬರುತ್ತದೆ. ಡೊನೋರಾದಲ್ಲೂ ಬಂತು. ಅಲ್ಲಿ ಯಾರೂ ಬಾಗಿಲು ಹಾಕಿಸಲಿಲ್ಲ. ಕುಲುಮೆಗಳು ಮತ್ತೆ ಹೊತ್ತಿದವು, ಇನ್ನೂ ಕೆಲವು ವರ್ಷ ಉರಿದವು. ಆಮೇಲೆ 1957ರಲ್ಲಿ ಕಂಪನಿಯೇ ಸತು ಕಾರ್ಖಾನೆ ಮುಚ್ಚಿತು, 1960ರ ದಶಕದಲ್ಲಿ ಉಕ್ಕೂ ಹೋಯಿತು. ಊರು ಸುಮ್ಮನಿದ್ದದ್ದಕ್ಕೆ ಕೆಲಸವೇನೂ ಉಳಿಯಲಿಲ್ಲ. ಒಂದು ಕಾಲಕ್ಕೆ 14,000ದಷ್ಟು ಜನರಿದ್ದ ಡೊನೋರಾದಲ್ಲಿ 2020ರ ಜನಗಣತಿಗೆ 5,000 ಕೂಡ ಇರಲಿಲ್ಲ. ಡೊನೋರಾ ಮತ್ತು ವೆಬ್‌ಸ್ಟರ್ ನಡುವೆ 1908ರಿಂದ ಇದ್ದ ಸೇತುವೆಯನ್ನು 2009ರಲ್ಲಿ ಮುಚ್ಚಿ, 2015ರಲ್ಲಿ ಕೆಡವಿದರು. ಅತ್ತ ಡೊನೋರಾದ ಸಾವುಗಳೇ ದೇಶವನ್ನು ಎಬ್ಬಿಸಿದವು. 1950ರಲ್ಲಿ ಅಧ್ಯಕ್ಷ ಟ್ರೂಮನ್ ವಾಯು ಮಾಲಿನ್ಯದ ಬಗ್ಗೆ ರಾಷ್ಟ್ರೀಯ ಸಮ್ಮೇಳನ ಕರೆದರು, 1955ರಲ್ಲಿ ಮೊದಲ ಕಾನೂನು, 1963ರಲ್ಲಿ ಮತ್ತು 1970ರಲ್ಲಿ ಇನ್ನೂ ಬಿಗಿಯಾದವು. ಊರಿನವರು ಈ ಬಗ್ಗೆ ಎಷ್ಟೋ ವರ್ಷ ಮಾತಾಡಲೇ ಇಲ್ಲ. 2008ರಲ್ಲಿ, 60 ವರ್ಷ ತುಂಬಿದಾಗ, ಪೇಟೆ ಬೀದಿಯಲ್ಲಿ ಪುಟ್ಟ ಹೊಗೆಮಂಜು ಮ್ಯೂಸಿಯಂ ತೆರೆದರು. ಶುದ್ಧ ಗಾಳಿ ಶುರುವಾದದ್ದು ಇಲ್ಲಿಂದ ಅನ್ನುವುದು ಈಗ ಅವರ ಹೆಮ್ಮೆಯ ಮಾತು. ಪಿಟ್ಸ್‌ಬರ್ಗ್ ಕಡೆ ಬರುವ ಅಧಿಕಾರಿಗಳು, ಶಾಸಕರು ಯಾರಾದರೂ ಇದ್ದರೆ ದೇವಸ್ಥಾನದ ಜೊತೆ ಅದನ್ನೂ ನೋಡಿ ಹೋಗಲಿ. ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ.

ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು ಅಂತಿದೆ. ಮುಂದಿನ ನೋಟಿಸ್ ಹೊರಡಿಸುವಾಗ ಅದರ ಜೊತೆ ಒಂದೇ ಒಂದು ಹಾಳೆ ಸೇರಿಸಿ: ಗಾಳಿ ನಿಂತ ಐದು ದಿನಗಳ ಅಂಕಿ, ನಿಲ್ಲಿಸುವ ಅಧಿಕಾರಿಯ ಹುದ್ದೆ ಮತ್ತು ಫೋನ್ ನಂಬರ್. ಗ್ರಾಮ ಪಂಚಾಯಿತಿಯ ಬೋರ್ಡಿಗೆ ಅಂಟಿಸಿದರೆ ಸಾಕು, ಉಳಿದ ಪ್ರಶ್ನೆಗಳನ್ನು ಜನ ತಾವೇ ಕೇಳಿಕೊಳ್ಳುತ್ತಾರೆ.

ಇಂತಿ,
ಪಿಟ್ಸ್‌ಬರ್ಗ್ ಬಳಿ ಇರುವ ಬಳ್ಳಾರಿ ಸೀಮೆಯ ಒಬ್ಬ ಕನ್ನಡಿಗ